ಹಲ್ಲು ಕೀಳಿಸಿದ ಜಾಗದಲ್ಲಿ ಮೂಳೆ ಹೊರಗೆ ಕಂಡರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿ, ಠಾಣೆ, ಡೊಂಬಿವಲಿ, ಪುಣೆ ಮತ್ತು ಗೋವೆಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಚಿಕಿತ್ಸಾಲಯದಲ್ಲಿ, ದಂತ ತಪಾಸಣಾ ಶಿಬಿರಗಳಲ್ಲಿ ಮತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ವಸಡಿನಿಂದ ಇಣುಕುವ ಮೂಳೆ ಬಹುಪಾಲು ಜನರಲ್ಲಿ ನಿರಪಾಯಕಾರಿ. ಕೆಲವರಲ್ಲಿ ಮಾತ್ರ ಅದು ಗಂಭೀರ ಕಾಯಿಲೆಯ ಮೊದಲ ಗುರುತಾಗಿರುತ್ತದೆ. ಈ ಎರಡನ್ನೂ ಬೇರ್ಪಡಿಸುವುದು ಹೇಗೆ ಎಂಬುದೇ ಮುಂದಿನ ಉತ್ತರಗಳ ಉದ್ದೇಶ.

ಮೊದಲು ತಿಳಿಯಬೇಕಾದದ್ದು

ದವಡೆ ಹಲ್ಲು ಕೀಳಿಸಿ ಮೂರು ವಾರ ಆಯಿತು. ನಾಲಿಗೆಗೆ ಸೂಜಿ ಚುಚ್ಚಿದ ಹಾಗೆ ಏನೋ ತಾಗುತ್ತದೆ. ಡಾಕ್ಟರು ಹಲ್ಲಿನ ಚೂರು ಒಳಗೇ ಬಿಟ್ಟಿದ್ದಾರಾ?

ಹೆಚ್ಚಿನ ಸಲ ಅದು ಹಲ್ಲಿನ ಚೂರಲ್ಲ, ಮೂಳೆಯ ಚೂರು. ಹಲ್ಲಿನ ಬೇರು ದವಡೆಯ ಮೂಳೆಯೊಳಗಿನ ಗುಳಿಯಲ್ಲಿ ಕುಳಿತಿರುತ್ತದೆ. ಹಲ್ಲನ್ನು ಸಡಿಲಿಸಿ ಹೊರತೆಗೆಯುವಾಗ ಆ ಗುಳಿಯ ಅಂಚು ಸ್ವಲ್ಪ ಹಿಗ್ಗುತ್ತದೆ, ಕೆಲವೊಮ್ಮೆ ಕೂದಲೆಳೆಯಷ್ಟು ಸೀಳುತ್ತದೆ. ರಕ್ತ ಪೂರೈಕೆ ಕಳೆದುಕೊಂಡ ಇಂಥ ತುಣುಕನ್ನು ದೇಹ ನಿಧಾನವಾಗಿ ಹೊರಗೆ ತಳ್ಳುತ್ತದೆ. ತಳ್ಳುವ ದಾರಿಯಲ್ಲಿ ಅದು ವಸಡನ್ನು ಭೇದಿಸಿಕೊಂಡು ಬರುವುದರಿಂದ ನಾಲಿಗೆಗೆ ಚೂಪಾಗಿ ತಾಗುತ್ತದೆ. ಇದು ಹಲ್ಲು ಕಿತ್ತ ಕೆಲವೇ ದಿನಗಳಲ್ಲಿ ಕಾಣಿಸಬಹುದು, ಕೆಲವು ತಿಂಗಳ ಬಳಿಕವೂ ಕಾಣಿಸಬಹುದು. ಕೆಳದವಡೆಯ ಒಳಬದಿಯಲ್ಲಿ, ಅಂದರೆ ನಾಲಿಗೆಯ ಪಕ್ಕದಲ್ಲಿ, ಮೂಳೆಯ ಗೋಡೆಯೂ ಅದರ ಮೇಲಿನ ವಸಡೂ ತೆಳುವಾಗಿರುವ ಕಾರಣ ಈ ದೂರು ಅಲ್ಲಿಂದಲೇ ಹೆಚ್ಚು ಬರುತ್ತದೆ. ಬೇರಿನ ತುದಿ ಒಳಗೆ ಉಳಿಯುವುದೂ ಉಂಟು. ಆದರೆ ಬರಿಗಣ್ಣಿಗೆ ಎರಡೂ ಒಂದೇ ಬಗೆಯ ಹಳದಿ ಮಿಶ್ರಿತ ಬಿಳಿ ಬಣ್ಣದಲ್ಲಿ ಕಾಣುತ್ತವೆ. ಒಂದು ಚಿಕ್ಕ ಎಕ್ಸ್‌ರೇ ತೆಗೆದರೆ ಬೇರು ಯಾವುದು, ಮೂಳೆ ಯಾವುದು ಎಂಬುದು ತಿಳಿಯುತ್ತದೆ. ಮೂಳೆಯ ಚೂರು ಬಂದ ಮಾತ್ರಕ್ಕೆ ಹಲ್ಲು ಕಿತ್ತವರ ಕೈ ಸರಿಯಿಲ್ಲ ಎಂದು ತೀರ್ಮಾನಿಸುವುದು ನ್ಯಾಯವಲ್ಲ. ಬಹಳ ಎಚ್ಚರದಿಂದ ಕಿತ್ತ ಹಲ್ಲಿನ ಜಾಗದಲ್ಲೂ ಇದು ಬರುತ್ತದೆ.

ಅದು ತಾನಾಗಿ ಬಿದ್ದು ಹೋಗುತ್ತದೆಯೇ? ಎಷ್ಟು ದಿನ ಕಾಯಬಹುದು?

ಅಕ್ಕಿಕಾಳಿನ ಗಾತ್ರದ ಅಥವಾ ಅದಕ್ಕಿಂತ ಚಿಕ್ಕ ಚೂರುಗಳು ಹೆಚ್ಚಾಗಿ ತಾವಾಗಿ ಸಡಿಲಗೊಂಡು ಊಟದ ನಡುವೆಯೋ ಬಾಯಿ ಮುಕ್ಕಳಿಸುವಾಗಲೋ ಬಿದ್ದುಹೋಗುತ್ತವೆ, ಆ ಜಾಗ ಕೆಲವೇ ದಿನಗಳಲ್ಲಿ ಮುಚ್ಚಿಕೊಳ್ಳುತ್ತದೆ. ಸಾಮಾನ್ಯ ಆರೋಗ್ಯವುಳ್ಳವರಲ್ಲಿ ಹಲ್ಲು ಕಿತ್ತ ಗುಳಿಯ ಮೇಲೆ ಮೂರು ನಾಲ್ಕು ವಾರಗಳಲ್ಲಿ ವಸಡು ಹರಡುತ್ತದೆ. ಒಳಗೆ ಹೊಸ ಮೂಳೆ ತುಂಬಲು ಮೂರು ನಾಲ್ಕು ತಿಂಗಳು ಬೇಕು, ಅಂಚುಗಳು ಪೂರ್ತಿ ನಯವಾಗಲು ಇನ್ನೂ ಹೆಚ್ಚು ಕಾಲ ಹಿಡಿಯಬಹುದು. ಚೂರು ಚಿಕ್ಕದಿದ್ದು, ನೋವು, ಕೀವು ಮತ್ತು ದುರ್ವಾಸನೆ ಇಲ್ಲದಿದ್ದರೆ ಒಂದೆರಡು ವಾರ ನೋಡಬಹುದು. ಅಷ್ಟರೊಳಗೆ ಬೀಳದಿದ್ದರೆ, ಅಥವಾ ನಾಲಿಗೆಯಲ್ಲಿ ಹುಣ್ಣಾಗತೊಡಗಿದರೆ, ತೋರಿಸಬೇಕು. ಮೂಳೆ ಗಟ್ಟಿಪಡಿಸುವ ಔಷಧ ಪಡೆದವರು, ತಲೆ ಅಥವಾ ಕುತ್ತಿಗೆಗೆ ರೇಡಿಯೇಷನ್ ಪಡೆದವರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು ಈ ಒಂದೆರಡು ವಾರವನ್ನೂ ಕಾಯಬಾರದು.

ಚಿಮಟದಿಂದ ನಾನೇ ಎಳೆದುಬಿಟ್ಟರೆ ಏನಾಗುತ್ತದೆ?

ದಯವಿಟ್ಟು ಎಳೆಯಬೇಡಿ. ಮೇಲೆ ಕಾಣುವ ತುದಿ ಚಿಕ್ಕದಿದ್ದರೂ ಅದರ ಬುಡ ಕೆಳಗಿನ ಗಟ್ಟಿ ದವಡೆಗೆ ಅಂಟಿಕೊಂಡಿರಬಹುದು. ಹಾಗಿದ್ದಾಗ ಎಳೆದರೆ ವಸಡು ಉದ್ದಕ್ಕೆ ಹರಿದು ಇನ್ನಷ್ಟು ಮೂಳೆ ಬಯಲಾಗುತ್ತದೆ. ಉಗುರು, ಸೇಫ್ಟಿ ಪಿನ್, ಹಲ್ಲುಕಡ್ಡಿ, ಹೊಲಿಗೆ ಪೆಟ್ಟಿಗೆಯ ಕತ್ತರಿ ಇವೆಲ್ಲವನ್ನೂ ಜನರು ಬಳಸಿದ್ದಾರೆ, ಅದರ ಹಿಂದೆಯೇ ಬಂದ ಕೀವು ತುಂಬಿದ ಬಾವನ್ನೂ ಕಂಡಿದ್ದೇನೆ. ಚೂರು ಪೂರ್ತಿ ಸಡಿಲಗೊಂಡು ನಾಲಿಗೆ ತಾಗಿದರೆ ಅಲುಗಾಡುತ್ತಿದ್ದರೆ ಅದು ತಾನಾಗಿಯೇ ಈಚೆ ಬರುತ್ತದೆ, ಎಳೆಯುವ ಅಗತ್ಯವೇ ಬೀಳುವುದಿಲ್ಲ. ಅಲ್ಲಿಯವರೆಗೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಬೆರೆಸಿ ದಿನಕ್ಕೆ ಮೂರು ನಾಲ್ಕು ಸಲ ಬಾಯಿ ಮುಕ್ಕಳಿಸಿ. ಹಲ್ಲು ಕಿತ್ತ ಮೊದಲ 24 ಗಂಟೆ ಮಾತ್ರ ಮುಕ್ಕಳಿಸಬಾರದು. ಲವಂಗದ ಎಣ್ಣೆಯನ್ನು ನೇರವಾಗಿ ಹಚ್ಚಿದರೆ ವಸಡು ಸುಡುತ್ತದೆ. ನೋವಿನ ಮಾತ್ರೆಯನ್ನು ಪುಡಿಮಾಡಿ ಗುಳಿಯಲ್ಲಿಡುವ ಹಳೆಯ ರೂಢಿಯೂ ಅಷ್ಟೇ ಹಾನಿಕಾರಕ.

ಹಲ್ಲು ತೆಗೆಸಿ ಮೂರನೇ ದಿನ. ಗುಳಿಯಲ್ಲಿ ಬಿಳಿ ಎಲುಬು ಕಾಣ್ತದ, ಕಿವಿತನಕ ನೋವು ಹೊಡೀತದ. ಇದೇನು?

ಇದು ಮೇಲಿನ ಸಮಸ್ಯೆಗಿಂತ ಬೇರೆಯದು. ಹಲ್ಲು ಕಿತ್ತೊಡನೆ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಮೂಳೆಗೆ ಹೊದಿಕೆಯಾಗುತ್ತದೆ. ಆ ಹೆಪ್ಪು ಕರಗಿದರೆ ಅಥವಾ ಕಳಚಿದರೆ ಗುಳಿಯೊಳಗಿನ ಮೂಳೆ ಬರಿದಾಗುತ್ತದೆ. ಇದನ್ನು ದಂತವೈದ್ಯರು ಡ್ರೈ ಸಾಕೆಟ್ ಎನ್ನುತ್ತಾರೆ. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ನೋವು ಇದ್ದಕ್ಕಿದ್ದಂತೆ ಏರುವುದು, ಕಿವಿ ಮತ್ತು ಕಪಾಲದವರೆಗೆ ಹರಡುವುದು, ಬಾಯಿ ನಾರುವುದು ಇದರ ಲಕ್ಷಣ. ಬೀಡಿ, ಸಿಗರೇಟು ಸೇದುವವರಲ್ಲಿ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಹೆಂಗಸರಲ್ಲಿ, ಮತ್ತು ಕೆಳದವಡೆಯ ಬುದ್ಧಿಹಲ್ಲನ್ನು ಕಷ್ಟಪಟ್ಟು ತೆಗೆಯಬೇಕಾಗಿ ಬಂದಾಗ ಇದು ಹೆಚ್ಚು. ವೈದ್ಯರು ಗುಳಿಯನ್ನು ತೊಳೆದು ಔಷಧದ ಪಟ್ಟಿ ಇಟ್ಟರೆ ನೋವು ಬೇಗ ಇಳಿಯುತ್ತದೆ, ಒಂದೆರಡು ವಾರದಲ್ಲಿ ಗುಳಿ ಮಾಯುತ್ತದೆ. ಆ್ಯಂಟಿಬಯೋಟಿಕ್ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗುವುದರಿಂದ ಈ ನೋವು ಹೋಗದು.

ಹಲ್ಲು ಕೀಳಿಸಿದ ಜಾಗ ಅಲ್ಲ, ಕೆಳದವಡೆಯ ಒಳಗೆ ಎರಡೂ ಬದಿಯಲ್ಲಿ ಗಟ್ಟಿ ಗಂಟು ಉಂಟು. ಅದೂ ಮೂಳೆಯೇ?

ಮೂಳೆಯೇ ಹೌದು, ಕಾಯಿಲೆಯಲ್ಲ. ಕೆಲವರ ದವಡೆಯ ಒಳಬದಿಯಲ್ಲಿ ಅಥವಾ ಅಂಗುಳದ ನಡುವೆ ಮೂಳೆ ನಿಧಾನವಾಗಿ ಉಬ್ಬಿ ಬೆಳೆಯುತ್ತದೆ. ಇದನ್ನು ಟೋರಸ್ ಎನ್ನುತ್ತಾರೆ. ಎರಡೂ ಬದಿ ಒಂದೇ ರೀತಿ ಇದ್ದು, ಮೇಲೆ ವಸಡು ಪೂರ್ತಿ ಮುಚ್ಚಿದ್ದರೆ ಚಿಕಿತ್ಸೆ ಬೇಡ. ಆದರೆ ಆ ವಸಡು ಬಹಳ ತೆಳು. ಚಕ್ಕುಲಿಯಂಥ ಗಟ್ಟಿ ತಿಂಡಿ ಗೀರಿದರೆ ಅದು ಸುಲಿದು ಕೆಳಗಿನ ಮೂಳೆ ಕಾಣಿಸಬಹುದು.

ಹಲ್ಲುಗಳನ್ನೆಲ್ಲ ತೆಗೆಸಿ ಹತ್ತು ವರ್ಷ ಕಳೆದಿದೆ. ಈಗ ಹಲ್ಲಿನ ಸೆಟ್ಟಿನ ಅಡಿಯಲ್ಲಿ ಮೂಳೆ ಚುಚ್ಚುತ್ತಿದೆ. ಇಷ್ಟು ವರ್ಷದ ಮೇಲೆ ಹೇಗೆ ಸಾಧ್ಯ?

ಹಲ್ಲಿಲ್ಲದ ದವಡೆ ವರ್ಷದಿಂದ ವರ್ಷಕ್ಕೆ ಸವೆಯುತ್ತಾ ಹೋಗುತ್ತದೆ. ಸವೆತ ಎಲ್ಲೆಡೆ ಸಮನಾಗಿ ಆಗುವುದಿಲ್ಲ. ಕೆಲವರಲ್ಲಿ ದವಡೆಯ ಏಣು ಕತ್ತಿಯ ಅಂಚಿನಷ್ಟು ತೆಳುವಾಗಿ ಉಳಿಯುತ್ತದೆ. ಆಗ ಹತ್ತು ವರ್ಷದ ಹಿಂದಿನ ಅಳತೆಗೆ ಮಾಡಿದ ಸೆಟ್ ಸರಿಯಾಗಿ ಕೂರದೆ ಅತ್ತಿತ್ತ ಸರಿಯುತ್ತದೆ, ಒಂದೇ ಬಿಂದುವಿನ ಮೇಲೆ ಭಾರ ಬಿದ್ದು ವಸಡು ತೂತಾಗುತ್ತದೆ. ಕೆಳದವಡೆಯ ಹಿಂಭಾಗದಲ್ಲಿ ನಾಲಿಗೆಯ ಬದಿಗೆ ಇರುವ ಮೂಳೆಯ ದಿಂಡಿನ ಮೇಲೆ ಹೀಗಾಗುವುದು ಸಾಮಾನ್ಯ.

ಹಿರಿಯರು ಮೊದಲು ಮಾಡುವ ಕೆಲಸವೆಂದರೆ ನೋಯುವ ಜಾಗಕ್ಕೆ ತಾಗುವ ಭಾಗವನ್ನು ಮನೆಯಲ್ಲೇ ಅರದಿಂದ ಉಜ್ಜುವುದು. ಉಜ್ಜಿದ ಅಂಚು ಒರಟಾಗಿ ಪಕ್ಕದಲ್ಲಿ ಇನ್ನೊಂದು ಹುಣ್ಣಾಗುತ್ತದೆ. ಅದರ ಬದಲು ಸೆಟ್ಟನ್ನು ತೆಗೆದು ನೀರಿನಲ್ಲಿಟ್ಟು, ಗಂಜಿ, ಮೆತ್ತಗಿನ ಅನ್ನ, ಸಾರು ಸೇವಿಸುತ್ತ ವೈದ್ಯರಲ್ಲಿಗೆ ಹೋಗುವುದು ಒಳ್ಳೆಯದು. ಹೋಗುವಾಗ ಸೆಟ್ಟನ್ನು ಡಬ್ಬಿಯಲ್ಲಿ ಹಾಕಿ ಒಯ್ಯಬೇಕು, ಏಕೆಂದರೆ ಅದನ್ನು ಹಾಕಿ ನೋಡದೆ ಒತ್ತಡ ಎಲ್ಲಿ ಬೀಳುತ್ತಿದೆ ಎಂಬುದು ತಿಳಿಯದು. ಸೆಟ್ಟು ತೆಗೆದಿಟ್ಟು ಎರಡು ವಾರವಾದರೂ ಹುಣ್ಣು ಮಾಯದಿದ್ದರೆ ಕಾರಣ ಸೆಟ್ಟಲ್ಲದೆ ಬೇರೆ ಇರಬಹುದು, ಆ ಬಗ್ಗೆ ಕಡ್ಡಾಯವಾಗಿ ಪರೀಕ್ಷೆ ಆಗಬೇಕು.

ವೈದ್ಯರಲ್ಲಿಗೆ ಹೋಗುವ ಮೊದಲು ಮತ್ತು ಹೋದಾಗ

ಯಾವ ಲಕ್ಷಣ ಕಂಡರೆ ನಾಳೆಗೆ ಮುಂದೂಡಬಾರದು?

ಜ್ವರ, ಹೆಚ್ಚುತ್ತಲೇ ಹೋಗುವ ಬಾವು, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟ, ಗದ್ದದ ಕೆಳಗೆ ಗಟ್ಟಿಯಾದ ಊತ ಇವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಉಸಿರಾಟಕ್ಕೆ ತೊಂದರೆಯೆನಿಸಿದರೆ ದಂತವೈದ್ಯರನ್ನು ಹುಡುಕುತ್ತ ಕೂರದೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೇ ಹೋಗಿ. ಕೆಳತುಟಿ ಅಥವಾ ಗದ್ದ ಮರಗಟ್ಟಿದಂತಾಗುವುದನ್ನು ಜನರು ಹಗುರವಾಗಿ ಕಾಣುತ್ತಾರೆ, ನೋವಿಲ್ಲವಲ್ಲ ಎಂದು ಸುಮ್ಮನಿರುತ್ತಾರೆ. ಹಲ್ಲು ಕಿತ್ತಾಗ ಕೊಟ್ಟ ಇಂಜೆಕ್ಷನ್ನಿನ ಜೋಮು ಕೆಲವೇ ಗಂಟೆಗಳಲ್ಲಿ ಹೋಗುತ್ತದೆ. ವಾರಗಳ ಬಳಿಕ ಹೊಸದಾಗಿ ಬಂದ ಜೋಮು ಮೂಳೆಯೊಳಗಿನ ಸೋಂಕಿನ ಅಥವಾ ಗಡ್ಡೆಯ ಸೂಚನೆಯಾಗಿರಬಹುದು. ಮೇಲ್ದವಡೆಯ ಹಲ್ಲು ಕೀಳಿಸಿದವರು ನೀರು ಕುಡಿದಾಗ ಮೂಗಿನಿಂದ ಬಂದರೆ ಬಾಯಿಗೂ ಕೆನ್ನೆಯೊಳಗಿನ ಸೈನಸ್ ಎಂಬ ಟೊಳ್ಳು ಜಾಗಕ್ಕೂ ನಡುವೆ ದಾರಿಯಾಗಿದೆ ಎಂದರ್ಥ. ಅಂಥವರು ಮೂಗು ಜೋರಾಗಿ ಸೀಟದೆ ಬೇಗ ತೋರಿಸಿಕೊಳ್ಳಬೇಕು.

ಮುಂಬಯಿ, ಪುಣೆ, ಗೋವೆಯಲ್ಲಿ ಕಡಿಮೆ ಖರ್ಚಿನಲ್ಲಿ ಎಲ್ಲಿ ತೋರಿಸಬಹುದು?

ಚಿಕ್ಕ ಚೂರಿಗೆ ಹಲ್ಲು ಕಿತ್ತ ದಂತವೈದ್ಯರೇ ಸಾಕು, ಮೊದಲು ಅವರಲ್ಲಿಗೇ ಹೋಗುವುದು ಸರಿ. ದೊಡ್ಡ ಸಮಸ್ಯೆಗೆ ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸಕರು, ಅಂದರೆ ಓರಲ್ ಸರ್ಜನ್ ಬೇಕಾಗುತ್ತಾರೆ. ದಂತ ಕಾಲೇಜುಗಳಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವೇ ಇರುತ್ತದೆ. ಮುಂಬಯಿ ಸೆಂಟ್ರಲ್‌ನಲ್ಲಿ ಮಹಾನಗರ ಪಾಲಿಕೆಯ ನಾಯರ್ ಆಸ್ಪತ್ರೆಯ ದಂತ ಕಾಲೇಜು, ಸಿಎಸ್‌ಎಂಟಿ ನಿಲ್ದಾಣದ ಬಳಿ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಸರ್ಕಾರಿ ದಂತ ಕಾಲೇಜು ಇವೆ. ಗೋವೆಯಲ್ಲಿ ಬಾಂಬೋಳಿಯ ಸರ್ಕಾರಿ ದಂತ ಕಾಲೇಜು ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಸಮೀಪದಲ್ಲೇ ಇರುವುದರಿಂದ ವಾಸ್ಕೋದಿಂದ ಬರುವವರಿಗೂ ಎರಡು ಕೆಲಸ ಒಂದೇ ಓಡಾಟದಲ್ಲಿ ಮುಗಿಯುತ್ತವೆ. ಪುಣೆಯಲ್ಲಿ ಧನಕವಡಿಯ ಭಾರತಿ ವಿದ್ಯಾಪೀಠ ಮತ್ತು ಪಿಂಪ್ರಿಯ ಡಿ. ವೈ. ಪಾಟೀಲ್ ದಂತ ಕಾಲೇಜುಗಳಿವೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿಕೊಳ್ಳಿ, ಹಳೆಯ ಎಕ್ಸ್‌ರೇ ಮತ್ತು ಔಷಧದ ಚೀಟಿಗಳನ್ನೆಲ್ಲ ಒಯ್ಯಿರಿ. ಊರಿನಿಂದ ಬಂದ ತಾಯಿತಂದೆಗೆ ಮರಾಠಿ, ಹಿಂದಿ ಬಾರದಿದ್ದರೆ ಮನೆಯವರೊಬ್ಬರು ಜೊತೆಗಿರುವುದು ಅಗತ್ಯ. ಹಳೆಯ ಕಾಯಿಲೆ, ಹಳೆಯ ಇಂಜೆಕ್ಷನ್‌ಗಳ ವಿವರ ಸನ್ನೆಯಲ್ಲಿ ಹೇಳಿ ಮುಗಿಯುವಂಥದ್ದಲ್ಲ.

ಹಲ್ಲು ಕೀಳಿಸಿದ್ದು ರಜೆಯಲ್ಲಿ ಉಡುಪಿಗೆ ಹೋದಾಗ. ಈಗ ಇಲ್ಲಿನ ಡಾಕ್ಟರು ಅಲ್ಲಿಯದನ್ನು ಕೇಳುತ್ತಾರೆ. ಏನು ಹೇಳುವುದು?

ಯಾವ ದಿನ ಕಿತ್ತರು, ಯಾವ ಹಲ್ಲು, ಸುಲಭವಾಗಿ ಬಂತೇ ಅಥವಾ ಮೂಳೆ ಕೊರೆದು ತೆಗೆದರೇ, ಹೊಲಿಗೆ ಹಾಕಿದ್ದರೇ ಎಂಬ ನಾಲ್ಕು ವಿಷಯ ತಿಳಿದರೆ ಇಲ್ಲಿಯವರಿಗೆ ಅರ್ಧ ಕೆಲಸ ಮುಗಿದಂತೆ. ಊರಿನ ವೈದ್ಯರಿಗೆ ಕರೆ ಮಾಡಿ ಎಕ್ಸ್‌ರೇ ಚಿತ್ರವನ್ನು ಫೋನಿಗೆ ತರಿಸಿಕೊಳ್ಳಿ.

ವೈದ್ಯರು ಏನು ಮಾಡುತ್ತಾರೆ? ಮತ್ತೆ ಕೊಯ್ಯಬೇಕಾಗುತ್ತದೆಯೇ?

ಸಡಿಲವಾದ ಚೂರನ್ನು ಮರಗಟ್ಟಿಸುವ ಮುಲಾಮು ಹಚ್ಚಿ ಚಿಮಟದಿಂದ ತೆಗೆಯುತ್ತಾರೆ, ಅದು ಕೆಲವೇ ನಿಮಿಷಗಳ ಕೆಲಸ. ಅಂಚು ದವಡೆಗೇ ಸೇರಿಕೊಂಡಿದ್ದರೆ ಇಂಜೆಕ್ಷನ್ ಕೊಟ್ಟು, ವಸಡನ್ನು ಸ್ವಲ್ಪ ಬಿಡಿಸಿ, ಚೂಪಾದ ಭಾಗವನ್ನು ಉಜ್ಜಿ ನಯಗೊಳಿಸಿ, ಮತ್ತೆ ಮುಚ್ಚಿ ಹೊಲಿಗೆ ಹಾಕುತ್ತಾರೆ. ಅದಕ್ಕೆ ಮೊದಲು ಚಿಕ್ಕ ಎಕ್ಸ್‌ರೇ ಅಥವಾ ಇಡೀ ದವಡೆಯನ್ನು ತೋರಿಸುವ ಓಪಿಜಿ ತೆಗೆಸಬೇಕಾಗಬಹುದು. ಮೂಳೆಯಲ್ಲಿನ ಖನಿಜಾಂಶ ಸಾಕಷ್ಟು ಕರಗುವವರೆಗೆ ಸಾದಾ ಎಕ್ಸ್‌ರೇಯಲ್ಲಿ ಸೋಂಕು ಕಾಣುವುದಿಲ್ಲ, ಆದ್ದರಿಂದ ಎಕ್ಸ್‌ರೇ ಸರಿಯಿದ್ದರೂ ಲಕ್ಷಣಗಳು ಮುಂದುವರಿದರೆ ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್ ಕೇಳಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ತಾವಾಗಿ ನಿಲ್ಲಿಸಬಾರದು, ಹೃದಯದ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಔಷಧ, ರೇಡಿಯೇಷನ್ ಮತ್ತು ಮಾಯದ ಗಾಯ

ಅತ್ತೆಯವರಿಗೆ ಮೂಳೆ ಸವೆತಕ್ಕೆಂದು ವರ್ಷಕ್ಕೊಮ್ಮೆ ಇಂಜೆಕ್ಷನ್ ಕೊಡುತ್ತಾರೆ. ಹಲ್ಲಿನ ಡಾಕ್ಟರು ಅದನ್ನು ಯಾಕೆ ಕೇಳುತ್ತಾರೆ?

ಈ ಪುಟದಲ್ಲಿ ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುವ ಪ್ರಶ್ನೆ ಇದು. ಮೂಳೆ ಟೊಳ್ಳಾಗುವುದನ್ನು ತಡೆಯಲು ಕೊಡುವ ಅಲೆಂಡ್ರೊನೇಟ್, ರಿಸೆಡ್ರೊನೇಟ್, ಐಬ್ಯಾಂಡ್ರೊನೇಟ್ ಮಾತ್ರೆಗಳು, ಝೋಲೆಡ್ರೊನಿಕ್ ಆಮ್ಲದ ಡ್ರಿಪ್, ಆರು ತಿಂಗಳಿಗೊಮ್ಮೆ ಚರ್ಮದಡಿ ಚುಚ್ಚುವ ಡೆನೋಸುಮ್ಯಾಬ್ ಇವೆಲ್ಲವೂ ಹಳೆಯ ಮೂಳೆಯನ್ನು ಕರಗಿಸುವ ಜೀವಕೋಶಗಳ ಕೆಲಸವನ್ನು ತಗ್ಗಿಸುತ್ತವೆ. ಬೆನ್ನುಮೂಳೆ, ಸೊಂಟಗಳಿಗೆ ಇದರಿಂದ ದೊಡ್ಡ ಉಪಕಾರವಾಗುತ್ತದೆ. ಆದರೆ ಹಲ್ಲು ಕಿತ್ತ ದವಡೆ ಮಾಯಬೇಕಾದರೆ ಹಳೆಯ ಮೂಳೆ ಕರಗಿ ಹೊಸದು ಬರಲೇಬೇಕು. ಆ ಕೆಲಸ ನಿಧಾನವಾದಾಗ ಅಪರೂಪಕ್ಕೆ ಗುಳಿಯ ಮೂಳೆ ಸತ್ತು, ವಸಡು ಮುಚ್ಚದೆ, ಬಯಲಾಗಿ ಉಳಿಯುತ್ತದೆ. ಈ ತೊಂದರೆ ವೈದ್ಯಕೀಯ ಪತ್ರಿಕೆಗಳಲ್ಲಿ ಮೊದಲು ವರದಿಯಾದದ್ದು 2003ರಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಬಿಳಿ ರಂಜಕ ಬಳಸುತ್ತಿದ್ದ ಬೆಂಕಿಕಡ್ಡಿ ಕಾರ್ಖಾನೆಗಳ ಕೆಲಸಗಾರರ ದವಡೆಗಳೂ ಬಹುಮಟ್ಟಿಗೆ ಇದೇ ರೀತಿ ಕೊಳೆಯುತ್ತಿದ್ದವು. 1906ರ ಬರ್ನ್ ಒಪ್ಪಂದ ಆ ರಂಜಕದ ಬಳಕೆಯನ್ನು ನಿಷೇಧಿಸಿತು.

ಅಪಾಯದ ಪ್ರಮಾಣವನ್ನು ಸರಿಯಾಗಿ ಅರಿಯಬೇಕು. ಮೂಳೆ ಸವೆತಕ್ಕೆ ಮಾತ್ರೆ ನುಂಗುವವರಲ್ಲಿ ಇದು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ. ಕ್ಯಾನ್ಸರ್ ಮೂಳೆಗೆ ಹರಡಿದಾಗ ಇದೇ ಔಷಧಗಳನ್ನು ಹೆಚ್ಚಿನ ಪ್ರಮಾಣದಲ್ಲಿ, ತಿಂಗಳು ತಿಂಗಳು ಕೊಡುವುದರಿಂದ ಅಂಥ ರೋಗಿಗಳಲ್ಲಿ ಅಪಾಯ ಬಹಳ ಹೆಚ್ಚು. ಸ್ಟೆರಾಯ್ಡ್, ಸಕ್ಕರೆ ಕಾಯಿಲೆ, ಧೂಮಪಾನ, ಹಲ್ಲಿನ ಬುಡದ ಹಳೆಯ ಸೋಂಕು ಅದನ್ನು ಇನ್ನೂ ಹೆಚ್ಚಿಸುತ್ತವೆ.

ತೊಡಕೆಂದರೆ, ವರ್ಷಕ್ಕೊಮ್ಮೆ ಕೊಡುವ ಇಂಜೆಕ್ಷನ್ನನ್ನು ಯಾರೂ ಔಷಧವೆಂದು ಎಣಿಸುವುದೇ ಇಲ್ಲ. ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದರೆ ಬಿ.ಪಿ.ಯದು, ಸಕ್ಕರೆಯದು ಎಂದು ಚೀಲದಿಂದ ಎರಡು ಪಟ್ಟಿ ತೆಗೆದು ತೋರಿಸುತ್ತಾರೆ. ಮೂಳೆ ವೈದ್ಯರ ಫೈಲು ಕಪಾಟಿನಲ್ಲೇ ಉಳಿದಿರುತ್ತದೆ. ಆ ಫೈಲಿನಲ್ಲಿ ಔಷಧದ ಹೆಸರು ಮತ್ತು ಕೊನೆಯ ಡೋಸಿನ ದಿನಾಂಕ ಇರುವ ಹಾಳೆಯನ್ನು ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಹಲ್ಲು ಕೀಳಿಸುವ ಮುನ್ನ ಅದನ್ನು ತೋರಿಸುವುದು ಸೊಸೆಯೋ ಮಗನೋ ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸ.

ಹಾಗಾದರೆ ಮೂಳೆಯ ಮಾತ್ರೆಯನ್ನು ಇವತ್ತೇ ನಿಲ್ಲಿಸಿಬಿಡಲೇ?

ನಿಲ್ಲಿಸಬೇಡಿ. ಅಲೆಂಡ್ರೊನೇಟ್ ಮತ್ತು ಝೋಲೆಡ್ರೊನಿಕ್ ಆಮ್ಲ ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಎರಡು ವಾರ ಮಾತ್ರೆ ಬಿಟ್ಟರೆ ದವಡೆಗೆ ಏನೂ ಪ್ರಯೋಜನವಿಲ್ಲ. ಡೆನೋಸುಮ್ಯಾಬ್‌ನ ಸ್ವಭಾವ ಬೇರೆ. ಅದರ ಪರಿಣಾಮ ತಿಂಗಳುಗಳಲ್ಲಿ ಇಳಿಯುತ್ತದೆ, ಹೀಗಾಗಿ ಡೋಸನ್ನು ಬಹಳ ಕಾಲ ಮುಂದೂಡಿದರೆ ಮೂಳೆ ಸವೆತ ಒಮ್ಮೆಲೇ ಮರುಕಳಿಸಿ ಬೆನ್ನುಮೂಳೆ ಮುರಿಯುವ ಅಪಾಯವಿದೆ. ಮೂಳೆ ವೈದ್ಯರು ಮತ್ತು ದಂತವೈದ್ಯರು ಮಾತನಾಡಿಕೊಂಡು ಎರಡು ಡೋಸುಗಳ ನಡುವೆ ತಕ್ಕ ದಿನ ಗೊತ್ತುಮಾಡಬೇಕು. ಇಂಥ ಔಷಧ ಶುರುಮಾಡುವ ಮೊದಲೇ ಬಾಯಿಯನ್ನು ಪರೀಕ್ಷೆ ಮಾಡಿಸಿ, ಉಳಿಸಲಾಗದ ಹಲ್ಲುಗಳನ್ನು ತೆಗೆಸಿ, ಗಾಯ ಮಾಯಲು ಬಿಡುವುದು ಎಲ್ಲಕ್ಕಿಂತ ಕ್ಷೇಮ. ಈಗಾಗಲೇ ಔಷಧದಲ್ಲಿರುವವರಿಗೆ, ಸಾಧ್ಯವಿದ್ದರೆ, ಕೀಳುವ ಬದಲು ಬೇರಿನ ಚಿಕಿತ್ಸೆ ಮಾಡಿ ಹಲ್ಲನ್ನು ಉಳಿಸುವುದು ಮೇಲು. ಅಪಾಯವನ್ನು ಮೊದಲೇ ಹೇಳಿಬಿಡುತ್ತದೆ ಎಂದು ಸಿಟಿಎಕ್ಸ್ ಎಂಬ ರಕ್ತಪರೀಕ್ಷೆಯನ್ನು ಕೆಲವರು ಸೂಚಿಸುತ್ತಾರೆ. ಅದರ ಅಂಕಿಯನ್ನು ನಂಬಿ ಹಲ್ಲು ಕೀಳುವ ತೀರ್ಮಾನ ಮಾಡುವಷ್ಟು ಅದು ವಿಶ್ವಾಸಾರ್ಹವಲ್ಲ.

“ಎಂಟು ವಾರ ನೋಡೋಣ” ಎಂದರು. ಈ ಎಂಟು ವಾರದ ಲೆಕ್ಕ ಏನು?

ಔಷಧದಿಂದಾದ ದವಡೆಯ ಮೂಳೆಸಾವು ಎಂದು ಹೆಸರಿಡಲು ಮೂರು ಸಂಗತಿಗಳು ಕೂಡಿಬರಬೇಕು. ರೋಗಿಯು ಮೇಲೆ ಹೇಳಿದ ಬಗೆಯ ಔಷಧ ಪಡೆದಿರಬೇಕು. ಮೂಳೆ ಬಯಲಾಗಿ, ಅಥವಾ ವಸಡಿನ ಕೀವುದಾರಿಯಲ್ಲಿ ಸಲಕರಣೆ ಹಾಕಿದಾಗ ಮೂಳೆ ತಾಗುವಂತಾಗಿ, ಎಂಟು ವಾರ ಮೀರಿರಬೇಕು. ದವಡೆಗೆ ರೇಡಿಯೇಷನ್ ಆಗಿರಬಾರದು, ಬೇರೆಡೆಯ ಕ್ಯಾನ್ಸರ್ ದವಡೆಗೆ ಹರಡಿರಬಾರದು. ಈ ಎಂಟು ವಾರ ರೋಗಕ್ಕೆ ಹೆಸರಿಡುವ ಗಡುವು ಮಾತ್ರ. ಅಲ್ಲಿಯವರೆಗೆ ಮನೆಯಲ್ಲಿ ಕೂರಬೇಕು ಎಂಬ ಅರ್ಥ ಅದಕ್ಕಿಲ್ಲ, ಈ ಅವಧಿಯಲ್ಲೂ ವೈದ್ಯರು ಆಗಾಗ ನೋಡುತ್ತಿರಬೇಕು.

ಮೂಳೆ ಕಂಡರೂ ನೋವು, ಸೋಂಕು ಇಲ್ಲದಿದ್ದರೆ ಮೊದಲ ಹಂತ. ಆಗ ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ಮುಕ್ಕಳಿಸುವುದು, ಬಾಯಿಯ ಸ್ವಚ್ಛತೆ ಮತ್ತು ತಪ್ಪದ ತಪಾಸಣೆ ಮುಖ್ಯ. ಈ ದ್ರಾವಣ ದಿನಗಟ್ಟಲೆ ಬಳಸಿದರೆ ಹಲ್ಲಿಗೆ ಕಂದು ಬಣ್ಣ ಕಟ್ಟುತ್ತದೆ, ನಾಲಿಗೆಯ ರುಚಿ ಕೆಡುತ್ತದೆ. ಬಳಕೆ ನಿಂತ ಮೇಲೆ ರುಚಿ ಸರಿಹೋಗುತ್ತದೆ, ಬಣ್ಣವನ್ನು ಮಾತ್ರ ವೈದ್ಯರೇ ಉಜ್ಜಿ ತೆಗೆಯಬೇಕು. ನೋವು ಮತ್ತು ಕೀವು ಸೇರಿದರೆ ಎರಡನೆಯ ಹಂತ, ಆ್ಯಂಟಿಬಯೋಟಿಕ್ ಬೇಕಾಗುತ್ತದೆ. ದವಡೆ ಮುರಿಯುವುದು, ಕೆನ್ನೆಯ ಚರ್ಮಕ್ಕೆ ತೂತಾಗಿ ಕೀವು ಸೋರುವುದು, ಸೈನಸ್ಸಿಗೆ ಹರಡುವುದು ಮೂರನೆಯ ಹಂತ. ಸತ್ತ ಮೂಳೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುವುದು ಮೊದಲು ಕೊನೆಯ ಹಂತಕ್ಕೇ ಮೀಸಲಾಗಿತ್ತು, ಈಗ ಮೊದಲಿನ ಹಂತಗಳಲ್ಲೂ ಅದನ್ನು ಪರಿಗಣಿಸುತ್ತಾರೆ. ಸರಿಯಾಗಿ ಆಯ್ದ ರೋಗಿಗಳಲ್ಲಿ ಫಲಿತಾಂಶ ಒಳ್ಳೆಯದಿದೆ.

ಅಪ್ಪನಿಗೆ ಬಾಯಿ ಕ್ಯಾನ್ಸರಿಗೆ ಐದು ವರ್ಷದ ಹಿಂದೆ ಕರೆಂಟು ಕೊಡಿಸಿದ್ದೆವು. ಈಗ ಹಲ್ಲು ನೋವು. ಕೀಳಿಸಬಹುದೇ?

ಹತ್ತಿರದ ಯಾವುದೋ ಚಿಕಿತ್ಸಾಲಯದಲ್ಲಿ ಕೀಳಿಸಬೇಡಿ. ಜನರು ಕರೆಂಟು ಎನ್ನುವ ರೇಡಿಯೇಷನ್ ಗಡ್ಡೆಯನ್ನು ಸುಡುವಾಗ ದವಡೆಯ ಸಣ್ಣ ರಕ್ತನಾಳಗಳನ್ನೂ ಕುಗ್ಗಿಸುತ್ತದೆ. ಈ ಹಾನಿ ವರ್ಷ ಕಳೆದಂತೆ ಮಾಸುವುದಿಲ್ಲ, ಐದು ವರ್ಷವಾಯಿತು ಎಂಬುದರಿಂದ ಅಪಾಯ ಕಳೆದಿಲ್ಲ. ಕೆಳದವಡೆಯ ಮೂಳೆ ಗಟ್ಟಿ, ಅದಕ್ಕೆ ರಕ್ತ ಬರುವ ದಾರಿಗಳೂ ಕಡಿಮೆ, ಆದ್ದರಿಂದ ಮೂಳೆಸಾವು ಅಲ್ಲಿಯೇ ಹೆಚ್ಚು. ಒಟ್ಟು ಡೋಸು 60 ಗ್ರೇ (ರೇಡಿಯೇಷನ್ ಅಳೆಯುವ ಮಾನ) ದಾಟಿದ್ದರೆ ಅಪಾಯ ಇನ್ನೂ ಹೆಚ್ಚುತ್ತದೆ. ರೇಡಿಯೇಷನ್ ಕೊಟ್ಟ ಆಸ್ಪತ್ರೆಯ ಕಾಗದದಲ್ಲಿ ಎಷ್ಟು ಗ್ರೇ, ಯಾವ ಬದಿಗೆ ಎಂಬುದು ಬರೆದಿರುತ್ತದೆ. ಪರೇಲಿನ ಟಾಟಾ ಮೆಮೋರಿಯಲ್‌ನಲ್ಲಿ ಚಿಕಿತ್ಸೆ ಪಡೆದವರು ತಮ್ಮ ಫೈಲ್ ನಂಬರಿನೊಂದಿಗೆ ಅಲ್ಲಿಯ ದಂತ ವಿಭಾಗದ ಸಲಹೆ ಪಡೆಯುವುದು ಉತ್ತಮ. ಕ್ಯಾನ್ಸರ್ ಈಗಷ್ಟೇ ಪತ್ತೆಯಾಗಿ ರೇಡಿಯೇಷನ್ ಇನ್ನೂ ಶುರುವಾಗಿರದಿದ್ದರೆ ಕೆಟ್ಟ ಹಲ್ಲುಗಳನ್ನು ಕನಿಷ್ಠ ಎರಡು ವಾರ ಮೊದಲೇ ತೆಗೆಸಿ ಗಾಯ ಮಾಯಿಸಿಕೊಳ್ಳಬೇಕು.

ಮೂಳೆ ಈಗಾಗಲೇ ಬಯಲಾಗಿದ್ದರೆ ಪೆಂಟಾಕ್ಸಿಫಿಲಿನ್ ಮತ್ತು ವಿಟಮಿನ್ ಇ ಜೊತೆಯಾಗಿ ಕೊಡುವ ಚಿಕಿತ್ಸೆ ಕೆಲವರಿಗೆ ಫಲ ಕೊಡುತ್ತದೆ. ಹೆಚ್ಚಿನ ಒತ್ತಡದ ಆಮ್ಲಜನಕ ಚಿಕಿತ್ಸೆಯ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ, ಅದಕ್ಕೆ ದೊಡ್ಡ ಮೊತ್ತ ಕಟ್ಟುವ ಮುನ್ನ ಎರಡನೆಯ ಅಭಿಪ್ರಾಯ ಕೇಳಿ. ದವಡೆ ತೀರಾ ಹಾಳಾದವರಿಗೆ ಸತ್ತ ಭಾಗವನ್ನು ತೆಗೆದು, ಕಾಲಿನ ತೆಳುಮೂಳೆಯನ್ನು ರಕ್ತನಾಳ ಸಮೇತ ತಂದು ಜೋಡಿಸುತ್ತಾರೆ.

ಅಮ್ಮ ಚಿಕ್ಕಂದಿನಿಂದ ಮಿಶ್ರಿ ತಿಕ್ಕುತ್ತಾರೆ. ಅಲುಗಾಡುತ್ತಿದ್ದ ಹಲ್ಲು ಕೀಳಿಸಿದ ಮೇಲೆ ಗಾಯ ಮಾಯುತ್ತಲೇ ಇಲ್ಲ. ಇದೂ ಮೂಳೆ ಚೂರೇ ಇರಬಹುದೇ?

ಇರಬಹುದು. ಆದರೆ ಹಾಗೆಂದು ಊಹಿಸಿ ಕೂರಬಾರದು. ಹುರಿದ ತಂಬಾಕಿನ ಪುಡಿಯಾದ ಮಿಶ್ರಿ, ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪು, ಗುಟ್ಕಾ ಇವು ವಸಡು ಮತ್ತು ಕೆನ್ನೆಯ ಒಳಭಾಗದ ಕ್ಯಾನ್ಸರಿಗೆ ನಮ್ಮ ದೇಶದಲ್ಲಿ ಮುಖ್ಯ ಕಾರಣ. ವಸಡಿನಲ್ಲಿ ಗಡ್ಡೆ ಬೆಳೆದಾಗ ಅದು ಹಲ್ಲಿನ ಆಸರೆಯನ್ನು ತಿಂದುಹಾಕಿ ಹಲ್ಲು ಸಡಿಲವಾಗುತ್ತದೆ. ವಯಸ್ಸಾಯಿತೆಂದು ಹಲ್ಲನ್ನು ಕೀಳಿಸಿದ ಬಳಿಕ ಗಾಯ ಮಾಯದೆ, ಗುಳಿಯಿಂದ ಮಾಂಸ ಉಬ್ಬಿ, ಮುಟ್ಟಿದರೆ ರಕ್ತ ಬರುತ್ತದೆ. ಎರಡು ಮೂರು ವಾರದಲ್ಲಿ ಮಾಯದ ಯಾವುದೇ ಬಾಯಿಹುಣ್ಣಿಗೆ ಬಯಾಪ್ಸಿ, ಅಂದರೆ ಚಿಕ್ಕ ತುಣುಕು ತೆಗೆದು ಪರೀಕ್ಷಿಸುವುದು, ಆಗಬೇಕು. ಬಯಾಪ್ಸಿ ಮಾಡಿಸಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯ ಬಹಳ ಮನೆಗಳಲ್ಲಿದೆ. ಹಾಗೆ ಹರಡುವುದಿಲ್ಲ, ತಡಮಾಡುವುದರಿಂದ ಮಾತ್ರ ಹರಡುತ್ತದೆ. ಅಮ್ಮನನ್ನು ಬೈದು ಮಿಶ್ರಿ ಬಿಡಿಸುವುದು ಕಷ್ಟ, ಹೆದರಿಸಿ ಆಸ್ಪತ್ರೆಗೆ ಕರೆದೊಯ್ಯುವುದು ಇನ್ನೂ ಕಷ್ಟ. ಗಾಯಕ್ಕೆ ಔಷಧ ಹಾಕಿಸೋಣ ಎಂದು ಕರೆದುಕೊಂಡು ಹೋಗಿ, ಉಳಿದದ್ದನ್ನು ವೈದ್ಯರು ಸಮಾಧಾನದಿಂದ ತಿಳಿಸುತ್ತಾರೆ.

ಕೊರೋನಾ ಸಮಯದಲ್ಲಿ “ಕಪ್ಪು ಶಿಲೀಂಧ್ರ” ಬಂದು ಮೇಲ್ದವಡೆ ತೆಗೆದರು ಎಂದು ಕೇಳಿದ್ದೇವೆ. ಈಗಲೂ ಬರುತ್ತದೆಯೇ?

ಮ್ಯೂಕರ್‌ಮೈಕೋಸಿಸ್ ಎಂಬ ಆ ಸೋಂಕು 2021ರಲ್ಲಿ ಮಹಾರಾಷ್ಟ್ರವನ್ನು ಬಹಳವಾಗಿ ಕಾಡಿತು. ಇಂದಿಗೂ ಹತೋಟಿಯಿಲ್ಲದ ಸಕ್ಕರೆ ಕಾಯಿಲೆಯವರಲ್ಲಿ, ದೀರ್ಘಕಾಲ ಸ್ಟೆರಾಯ್ಡ್ ಪಡೆದವರಲ್ಲಿ ಅದು ಬರುತ್ತದೆ. ಮೇಲ್ದವಡೆಯ ಹಲವು ಹಲ್ಲುಗಳು ಒಟ್ಟಿಗೆ ಅಲುಗಾಡುವುದು, ಅಂಗುಳ ಕಪ್ಪಾಗುವುದು, ಕೆನ್ನೆ ಅಥವಾ ಕಣ್ಣಿನ ಸುತ್ತ ಊತ, ಮೂಗಿನಿಂದ ಕಪ್ಪು ಸ್ರಾವ ಇದರ ಲಕ್ಷಣಗಳು. ಇಲ್ಲಿ ಎಂಟು ವಾರದ ಮಾತಿಲ್ಲ, ಎಂಟು ಗಂಟೆಯೂ ಅಮೂಲ್ಯ. ಆಂಫೊಟೆರಿಸಿನ್ ಬಿ ಔಷಧ ಮತ್ತು ಶಸ್ತ್ರಚಿಕಿತ್ಸೆ ಎರಡೂ ಸಿಗುವ ದೊಡ್ಡ ಆಸ್ಪತ್ರೆಗೇ ನೇರವಾಗಿ ಹೋಗಬೇಕು.

ಮೂಳೆ ಚೂರು ಬಂದು ಮಾಯಿದ ಜಾಗದಲ್ಲಿ ಇಂಪ್ಲಾಂಟ್ ಹಾಕಿಸಬಹುದೇ?

ಇಂಪ್ಲಾಂಟ್ ಎಂದರೆ ದವಡೆಯ ಮೂಳೆಯಲ್ಲಿ ಕೂರಿಸುವ ಕೃತಕ ಹಲ್ಲಿನ ಬೇರು. ಸಾಮಾನ್ಯ ಚೂರು ಬಿದ್ದು ವಸಡು ಪೂರ್ತಿ ಮಾಯಿದ್ದರೆ ಹಾಕಿಸಬಹುದು. ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳು ಬಿಟ್ಟು, ಸಿಬಿಸಿಟಿಯಲ್ಲಿ ಮೂಳೆಯ ಎತ್ತರ ಮತ್ತು ಅಗಲ ನೋಡಿ ನಿರ್ಧರಿಸುತ್ತಾರೆ. ಕ್ಯಾನ್ಸರಿಗಾಗಿ ಮೂಳೆಯ ಇಂಜೆಕ್ಷನ್ ಪಡೆಯುತ್ತಿರುವವರಿಗೆ ಇಂಪ್ಲಾಂಟ್ ಬೇಡವೆನ್ನುವುದೇ ಸರಿ. ಮೂಳೆ ಸವೆತಕ್ಕೆ ಮಾತ್ರೆ ತೆಗೆದುಕೊಳ್ಳುವವರು ಅಪಾಯವನ್ನು ಕೇಳಿ ತಿಳಿದು, ಒಪ್ಪಿಗೆಯಿದ್ದರೆ ಮುಂದುವರಿಯಬಹುದು. ರೇಡಿಯೇಷನ್ ಬಿದ್ದ ದವಡೆಗೆ ಇಂಪ್ಲಾಂಟ್ ಹಾಕುವ ಮೊದಲು ಆ ಚಿಕಿತ್ಸೆ ಕೊಟ್ಟ ಆಸ್ಪತ್ರೆಯಿಂದ ಡೋಸಿನ ವಿವರವನ್ನು ಬರಹದಲ್ಲಿ ಪಡೆಯಿರಿ.